ಹುಲಿ ಸಾಯುವಲ್ಲಿ ಪುಟ ಮಗುಚಬೇಡಿ

ಪ್ರಶ್ನೆ: ಆರು ವರ್ಷದ ಮಗಳಿಗೆ ಗೋವಿನ ಹಾಡು ಓದಿದೆ. ಹುಲಿ ಸತ್ತಿತೆಂದು ಅತ್ತಳು. ಚಿಕ್ಕಂದಿನಲ್ಲಿ ನನಗೆ ಪುಣ್ಯಕೋಟಿಯ ಸತ್ಯವಷ್ಟೇ ಕಂಡಿತ್ತು. ಈಗ ನನಗೂ ಹುಲಿಯ ಮೇಲೆಯೇ ಮರುಕ. ಕೊನೆ ಬದಲಿಸಿ ಹೇಳಲೇ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಬೇಡ. ಹುಲಿ ಬೇರೆ ದನ ಹಿಡಿಯಲು ಹೋಯಿತು ಅಂದರೆ ಹಸು ಮರಳಿ ಬಂದದ್ದಕ್ಕೆ ಬೆಲೆಯಿಲ್ಲ. ಹುಲ್ಲು ತಿಂದು ಬದುಕಿತು ಅಂದರೆ ಭದ್ರಾ ಕಾಡಿನ ಆಸುಪಾಸಿನ ಮಗು ನಂಬುವುದಿಲ್ಲ.

ತಪ್ಪಾಗುವುದು ಕೊನೆಯಲ್ಲಲ್ಲ, ನಡುವೆ. ಹಾಡು ಉದ್ದವಾಯಿತೆಂದು ನಾವು ಹಾರಿಸುವುದು ಕೊಟ್ಟಿಗೆಯ ಭಾಗವನ್ನೇ. ಇನ್ನು ಯಾರ ಹಾಲು ಕುಡಿಯಲಿ, ಯಾರ ಬಳಿ ಮಲಗಲಿ ಎಂದು ಕರು ಕೇಳುತ್ತದೆ. ಈ ತಬ್ಬಲಿಯನ್ನು ಹಾಯಬೇಡಿ, ಒದೆಯಬೇಡಿ ಎಂದು ತಾಯಿ ಉಳಿದ ಹಸುಗಳನ್ನು ಬೇಡಿಕೊಳ್ಳುತ್ತದೆ. ಇಷ್ಟನ್ನು ಬಿಟ್ಟರೆ ಹಸು ಏನನ್ನು ತೊರೆದು ಬಂತೆಂಬುದೇ ಮಗುವಿಗೆ ತಿಳಿಯದು. ಹುಲಿಯ ಸಾವು ದಿಢೀರನೆ ಬಂದು ಎರಗುತ್ತದೆ. ಮಾತು ಉಳಿಸಿಕೊಳ್ಳುವುದಕ್ಕಿಂತ ಕರುವಿಗೊಂದು ದಾರಿ ಮಾಡುವುದೇ ಹಸುವಿಗೆ ಕಷ್ಟವಾಗಿತ್ತು ಅನ್ನುವುದು ದೊಡ್ಡವರಾದ ಮೇಲೆ ನಮಗೆ ಕಾಣುತ್ತದೆ.

ಮೊದಲು ನೀವೊಬ್ಬರೇ ಪೂರ್ತಿ ಓದಿಕೊಳ್ಳಿ. ಮಲಗುವ ಹೊತ್ತು ಬೇಡ, ಸಂಜೆ ಕೂರಿ. ಓದುವ ಬದಲು ಹಾಡಿ; ಗೊಲ್ಲ ಗಂಗೆ, ಗೌರಿ, ತುಂಗಭದ್ರೆ ಎಂದು ಕರೆಯುವಲ್ಲಿ ಮಗಳೇ ಹಸುಗಳನ್ನು ಕರೆಯಲಿ. ಕರುವನ್ನು ಒಪ್ಪಿಸುವಲ್ಲಿ ನಿಲ್ಲಿಸಿ ‘ನಾಳೆ ಹೇಳ್ತೀನಿ’ ಅನ್ನಬೇಡಿ, ರಾತ್ರಿಯಿಡೀ ಅದೇ ಕೊರೆಯುತ್ತದೆ. ಮುಗಿದ ತಕ್ಷಣ ‘ನೀತಿ ಏನು?’ ಎಂದು ಕೇಳಬೇಡಿ. ಅತ್ತರೆ ಅಳಲಿ, ಪಕ್ಕದಲ್ಲಿರಿ. ಹುಲಿಗೆ ಏನನ್ನಿಸಿರಬಹುದು ಎಂಬ ಮಾತು ಮರುದಿನಕ್ಕಿರಲಿ.

ಪ್ರಶ್ನೆ: ಪಂಚತಂತ್ರವನ್ನು ಈಗ ಓದಿದರೆ ಕುತಂತ್ರಿಗಳೇ ಗೆಲ್ಲುತ್ತಾರಲ್ಲ! ಮಕ್ಕಳಿಗೆ ಹೇಳಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಅನುಮಾನ ಸರಿ. ವಿಷ್ಣುಶರ್ಮ ಇದನ್ನು ಹೇಳಿದ್ದು 3 ರಾಜಕುಮಾರರಿಗೆ, 6 ತಿಂಗಳಲ್ಲಿ ರಾಜನೀತಿ ಕಲಿಸಲೆಂದು. ಸಂಸ್ಕೃತ ಪಂಚತಂತ್ರದ ಮೊದಲ ಭಾಗವಾದ ‘ಮಿತ್ರಭೇದ’ದಲ್ಲಿ ದಮನಕನೆಂಬ ನರಿ ಸಿಂಹಕ್ಕೂ ಎತ್ತಿಗೂ ತಂದಿಕ್ಕಿ ಎತ್ತನ್ನು ಕೊಲ್ಲಿಸುತ್ತದೆ, ಆಮೇಲೂ ಶಿಕ್ಷೆಯಿಲ್ಲದೆ ಉಳಿಯುತ್ತದೆ. ಈ ಕಥೆಯನ್ನು ಹತ್ತು ದಾಟಿದ ಮಕ್ಕಳಿಗಿಡಿ. ಚಾಡಿಮಾತು ಹೇಗೆ ಕೆಲಸ ಮಾಡುತ್ತದೆಂದು ಅವರಿಗೆ ಗೊತ್ತಾಗಲೇಬೇಕು. ಸಣ್ಣವರಿಗೆ ಬಲೆಗೆ ಬಿದ್ದ ಪಾರಿವಾಳಗಳ ಕಥೆಯಿಂದ ಶುರು ಮಾಡಿ. ಇಲಿ ಬಲೆ ಕಡಿಯಲು ಬಂದಾಗ ಹಿಂಡಿನ ರಾಜ ಚಿತ್ರಗ್ರೀವ, ಮೊದಲು ನನ್ನವರದ್ದನ್ನು ಕಡಿ ಅನ್ನುತ್ತಾನಲ್ಲ, ಅಲ್ಲಿ ಸ್ವಲ್ಪ ನಿಧಾನಿಸಿ.