ಕ್ರೆಡಿಟ್ ಕಾರ್ಡಿನ ಬಾಕಿಗೆ ಸಂಬಳವನ್ನು ಜಪ್ತಿ ಮಾಡಬಹುದೇ?

ಮುಂಬಯಿಯ ಅಂಧೇರಿಯ ಖಾಸಗಿ ಕಂಪನಿಯಲ್ಲಿ ದುಡಿಯುವ ತಾವು, ಕಾರ್ಡಿನ ಬಾಕಿಗಾಗಿ ‘ನಿಮ್ಮ ಸಂಬಳವನ್ನು ನಾವೇ ತಡೆಹಿಡಿಸುತ್ತೇವೆ’ ಎಂದು ಬ್ಯಾಂಕಿನ ವಸೂಲಿ ಏಜೆಂಟರು ಹೇಳಿದ್ದಾರೆಂದು ಬರೆದಿದ್ದೀರಿ. ಅದು ಬರಿಯ ಬೆದರಿಕೆ. ಸಾಮಾನ್ಯವಾಗಿ ಬ್ಯಾಂಕು ದಾವೆ ಹೂಡಿ ಡಿಕ್ರಿ (ಹಣ ಕಟ್ಟಬೇಕೆಂಬ ನ್ಯಾಯಾಲಯದ ತೀರ್ಮಾನ) ಪಡೆದ ಮೇಲೆ ನ್ಯಾಯಾಲಯವಷ್ಟೇ ಕಂಪನಿಗೆ ಅಂತಹ ಆದೇಶ ಕೊಡಬಲ್ಲದು. ಆಗಲೂ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಂತೆ ಸಂಬಳದ ಮೊದಲ 1,000 ರೂಪಾಯಿಗೂ ಉಳಿದುದರ ಮೂರನೇ ಎರಡು ಭಾಗಕ್ಕೂ ರಕ್ಷಣೆಯಿರುವುದರಿಂದ, 31,000 ರೂಪಾಯಿ ಸಂಬಳದಲ್ಲಿ ತಿಂಗಳಿಗೆ ಹೆಚ್ಚೆಂದರೆ 10,000 ಕಡಿತವಾದೀತು. (ಆ ಸಾವಿರದ ಮಿತಿ ಮುಂಬಯಿಯ ಬಾಡಿಗೆಯ ಮುಂದೆ ನಗೆ ತರಿಸುತ್ತದೆ, ಅದು ಬೇರೆ ಮಾತು.) ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಕಡಿತವಾದರೆ ಅದರಡಿ ಸಂಬಳದ ಜಪ್ತಿ ಮುಗಿಯುತ್ತದೆ. ಜಾಮೀನು ನಿಲ್ಲದ ಪತ್ನಿಯಾಗಲಿ ತಂದೆಯಾಗಲಿ ಈ ಬಾಕಿಗೆ ಹೊಣೆಯಲ್ಲ. ಆದರೆ ಏಜೆಂಟರ ಒರಟುತನದಿಂದ ತಮ್ಮ ಹೊಣೆ ಕರಗುವುದೂ ಇಲ್ಲ. ಸಮನ್ಸ್ ಬಂದರೆ ತಪ್ಪದೆ ಹಾಜರಾಗಿ, ಇಲ್ಲವಾದರೆ ತಮ್ಮ ವಾದ ಕೇಳದೆಯೇ ಏಕಪಕ್ಷೀಯ ಡಿಕ್ರಿ ಆಗಬಹುದು.