ಮನೆಯಿಂದಲೇ ವಿಮಾನ ವಿದ್ಯೆ: ಎಷ್ಟು ಆಗುತ್ತದೆ, ಎಷ್ಟು ಆಗದು

ಪ್ರಶ್ನೆ: ಪಿಯುಸಿಯಲ್ಲಿ ಕಾಮರ್ಸ್ ಓದಿದ್ದೇನೆ, ಈಗ ಬಿ.ಕಾಂ. ಎರಡನೇ ವರ್ಷ. ಪೈಲಟ್ ಆಗುವ ಆಸೆ ಇದೆ. ಕಾಲೇಜು ಬಿಡದೆ ದೂರಶಿಕ್ಷಣದಲ್ಲಿ ಏನೇನು ಮುಗಿಸಬಹುದು? (ಓದುಗರು, ಗದಗ)

ಉತ್ತರ: ಕಾಲೇಜು ಬಿಡಬೇಡಿ. ವಾಣಿಜ್ಯ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್‌ಗೆ, 12ನೇ ತರಗತಿ ಮಟ್ಟದಲ್ಲಿ ಭೌತಶಾಸ್ತ್ರ ಮತ್ತು ಗಣಿತ ಪಾಸಾಗಿರಬೇಕು. ಎರಡನ್ನೂ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಎನ್‌ಐಒಎಸ್‌ನಲ್ಲಿ ಬಿಡಿ ವಿಷಯಗಳಾಗಿ ಕಟ್ಟಬಹುದು. ಗಣಿತದ ಕೋಡ್ 311, ಭೌತಶಾಸ್ತ್ರದ್ದು 312. ಪರೀಕ್ಷೆ ಏಪ್ರಿಲ್‌-ಮೇ ಮತ್ತು ಅಕ್ಟೋಬರ್‌-ನವೆಂಬರ್‌ನಲ್ಲಿ ನಡೆಯುತ್ತದೆ. ಭೌತಶಾಸ್ತ್ರಕ್ಕೆ ಪ್ರಾಕ್ಟಿಕಲ್ ಇದೆ. ಅದಕ್ಕೆ ಅಧ್ಯಯನ ಕೇಂದ್ರಕ್ಕೆ ಹೋಗಲೇಬೇಕು. ಥಿಯರಿ ಬರೆದು ಪ್ರಾಕ್ಟಿಕಲ್ ತಪ್ಪಿಸಿಕೊಂಡರೆ ಆ ಸಲದ ಪರೀಕ್ಷೆ ಹಾಳು.

ಪುಸ್ತಕ ಕೊಳ್ಳುವ ಮೊದಲು ವೈದ್ಯಕೀಯ ಪರೀಕ್ಷೆ ಮಾಡಿಸಿ. ಹೆಚ್ಚಿನವರು ಈ ಕ್ರಮವನ್ನು ತಿರುವುಮುರುವು ಮಾಡಿ, ಹಣ ಕಟ್ಟಿದ ಮೇಲೆ ಬಣ್ಣಗುರುಡು ಇದೆ ಎಂದು ತಿಳಿದು ಕಂಗೆಡುತ್ತಾರೆ. ಮೊದಲು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎ, ಪಟ್ಟಿಯಲ್ಲಿರುವ ವೈದ್ಯರಿಂದ ಕ್ಲಾಸ್ 2 ಎಂಬ ಆರಂಭಿಕ ಹಂತದ ತಪಾಸಣೆ, ಆಮೇಲೆ ಮಾನ್ಯತೆ ಪಡೆದ ಕೇಂದ್ರದಲ್ಲಿ ಕ್ಲಾಸ್ 1. ನಮ್ಮ ಕಡೆಯವರಿಗೆ ಅನುಕೂಲವಾದದ್ದು ಬೆಂಗಳೂರಿನ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ. ಕನ್ನಡಕ ಹಾಕಿಕೊಂಡರೆ ದೃಷ್ಟಿ ನಿಗದಿತ ಮಟ್ಟಕ್ಕೆ ಬರುವುದಾದರೆ ಕನ್ನಡಕ ಅಡ್ಡಿಯಲ್ಲ.

ನಂತರದ್ದು ಡಿಜಿಸಿಎ ಕಂಪ್ಯೂಟರ್ ನಂಬರ್, ಅಂದರೆ ಅವರ ಪರೀಕ್ಷೆಗಳಿಗೆ ನಿಮ್ಮ ನೋಂದಣಿ ಸಂಖ್ಯೆ. ಅದಿಲ್ಲದೆ ಯಾವ ಪರೀಕ್ಷೆಗೂ ಕೂರಲಾಗದು. ಅಂಕಪಟ್ಟಿ ಅಸಲಿ ಎಂದು ಬೋರ್ಡಿನಿಂದ ಪರಿಶೀಲನಾ ಪತ್ರ ತರಿಸಬೇಕು; ಇದನ್ನು ಇವತ್ತೇ ಶುರು ಮಾಡಿ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಬರೀ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಹೆಸರು ಮತ್ತು ಅಡ್ಡಹೆಸರು, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು ಕ್ರಮ: ಇದು ನಮ್ಮ ಭಾಗದ ಮಾಮೂಲಿ ಗೋಳು. ಅರ್ಜಿ ಹಾಕುವ ಮೊದಲೇ ಎಲ್ಲವನ್ನೂ ಹತ್ತನೇ ತರಗತಿಯ ದಾಖಲೆಗೆ ಹೊಂದಿಸಿಕೊಳ್ಳಿ.

ಏರ್ ನ್ಯಾವಿಗೇಷನ್, ಹವಾಮಾನಶಾಸ್ತ್ರ, ಏರ್ ರೆಗ್ಯುಲೇಷನ್ಸ್, ಟೆಕ್ನಿಕಲ್ ಜನರಲ್ ಎಂಬ ಡಿಜಿಸಿಎ ಪತ್ರಿಕೆಗಳನ್ನು ಮನೆಯಲ್ಲೇ, ಇಲ್ಲವೇ ಆನ್‌ಲೈನ್ ತರಗತಿಯಲ್ಲಿ ಓದಬಹುದು. ಪಾಸಿಗೆ ನೂರಕ್ಕೆ 70 ಅಂಕ ಬೇಕು. ಟೆಕ್ನಿಕಲ್ ಸ್ಪೆಸಿಫಿಕ್ ಪತ್ರಿಕೆ ನೀವು ಹಾರಿಸುವ ವಿಮಾನದ ಮೇಲಿರುತ್ತದೆ, ಅದನ್ನು ಹಾರಾಟ ಶಾಲೆ ಗೊತ್ತಾದ ಮೇಲೆ ಹಿಡಿಯಿರಿ.

ಮನೆಯಲ್ಲಿ ಆಗದ್ದು 200 ಗಂಟೆಗಳ ಹಾರಾಟ. ಅದರಲ್ಲಿ 100 ಗಂಟೆ ವಿಮಾನದ ಹೊಣೆ ನಿಮ್ಮದೇ ಆಗಿರಬೇಕು. ಆ ಹೊಣೆಯಲ್ಲೇ 20 ಗಂಟೆ ಊರಿಂದೂರಿಗೆ ಹಾರಿರಬೇಕು. ಅದರೊಳಗೆ 300 ನಾಟಿಕಲ್ ಮೈಲಿಗೆ ಕಡಿಮೆಯಿಲ್ಲದ ಒಂದು ಹಾರಾಟ, ನಡುವೆ ಬೇರೆ ಎರಡು ನಿಲ್ದಾಣಗಳಲ್ಲಿ ಇಳಿದು ನಿಲ್ಲಿಸುವುದು ಸೇರಿರಬೇಕು. ರಾತ್ರಿ ಹಾರಾಟ 5 ಗಂಟೆ ಕಾಲ, ಅದರಲ್ಲಿ 10 ಏರಿಕೆ, 10 ಇಳಿಕೆ. ಉಪಕರಣ ನೋಡಿ ಹಾರಿಸುವ 10 ಗಂಟೆಗಳಲ್ಲಿ ಗರಿಷ್ಠ 5 ಮಾತ್ರ ಸಿಮ್ಯುಲೇಟರ್, ಅದೂ ಡಿಜಿಸಿಎ ಒಪ್ಪಿದ್ದು. ಲ್ಯಾಪ್‌ಟಾಪಿಗೆ ಜಾಯ್‌ಸ್ಟಿಕ್ ಹಚ್ಚಿ ಆಡಿದ ಗಂಟೆ ಒಂದೂ ಲೆಕ್ಕಕ್ಕಿಲ್ಲ. ಹಾರಾಟ ಶಾಲೆಗಳು ಬೆಳಗಾವಿಯ ಸಾಂಬ್ರಾ, ಕಲಬುರಗಿ ನಿಲ್ದಾಣಗಳಲ್ಲೇ ಇವೆ.

ಪ್ರಶ್ನೆ: ಕೋಚಿಂಗ್ ಇಲ್ಲದೆ ನ್ಯಾವಿಗೇಷನ್, ಹವಾಮಾನ ಓದುತ್ತಿದ್ದೇನೆ. ಅಣಕು ಪರೀಕ್ಷೆಯಲ್ಲಿ 60 ದಾಟುತ್ತಿಲ್ಲ. ತಪ್ಪು ಎಲ್ಲಿ ಆಗುತ್ತದೆ? (ಓದುಗರು, ಧಾರವಾಡ)

ಉತ್ತರ: ಒಬ್ಬರೇ ಓದುವವರು ಸಾಮಾನ್ಯವಾಗಿ ಮೂರು ಕಡೆ ಎಡವುತ್ತಾರೆ.

ಒಂದನೆಯದು ‘ಅರವತ್ತಕ್ಕೆ ಒಂದು’ ಸೂತ್ರ: 60 ಮೈಲಿ ಹಾರಿದಾಗ 1 ಮೈಲಿ ಪಕ್ಕಕ್ಕೆ ಸರಿದಿದ್ದರೆ ದಾರಿ ತಪ್ಪಿದ ಕೋನ ಸುಮಾರು 1 ಡಿಗ್ರಿ. 100 ಮೈಲಿ ದಾರಿಯಲ್ಲಿ 40 ಮೈಲಿ ಹೋದ ಮೇಲೆ 4 ಮೈಲಿ ಬಲಕ್ಕೆ ಸರಿದಿದ್ದೀರಿ ಎನ್ನಿ. ದಾರಿ ತಪ್ಪಿದ ಕೋನ 4ನ್ನು 60ರಿಂದ ಗುಣಿಸಿ 40ರಿಂದ ಭಾಗಿಸಿದರೆ 6 ಡಿಗ್ರಿ. ಬಹಳ ಮಂದಿ 6 ಡಿಗ್ರಿ ಎಡಕ್ಕೆ ತಿರುಗಿಸಿ ಉತ್ತರ ಬರೆದುಬಿಡುತ್ತಾರೆ. ಅಷ್ಟಕ್ಕೆ ವಿಮಾನ ಮೂಲ ದಾರಿಗೆ ಸಮಾನಾಂತರವಾಗಿ ಹೋಗುತ್ತದೆಯೇ ಹೊರತು ಊರು ಸೇರುವುದಿಲ್ಲ. ಉಳಿದ 60 ಮೈಲಿಯಲ್ಲಿ ಆ 4 ಮೈಲಿ ಮುಚ್ಚಲು ಇನ್ನೂ 4 ಡಿಗ್ರಿ ಬೇಕು. ಒಟ್ಟು 10.

ಎರಡನೆಯದು ಡೆನ್ಸಿಟಿ ಆಲ್ಟಿಟ್ಯೂಡ್, ಅಂದರೆ ಗಾಳಿಯ ಸಾಂದ್ರತೆ ಲೆಕ್ಕ ಹಾಕಿದರೆ ವಿಮಾನ ಎಷ್ಟು ಎತ್ತರದಲ್ಲಿದ್ದಂತೆ ಎಂಬುದು. ಹುಬ್ಬಳ್ಳಿ ನಿಲ್ದಾಣದ ಎತ್ತರ ಸುಮಾರು 2,170 ಅಡಿ. ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಸೆಲ್ಸಿಯಸ್, ಸಮುದ್ರಮಟ್ಟಕ್ಕೆ ಇಳಿಸಿದ ಒತ್ತಡ ಪ್ರಮಾಣದ 1013 ಹೆಕ್ಟೊಪಾಸ್ಕಲ್ ಎಂದು ಹಿಡಿಯಿರಿ. ಇಲ್ಲಿ 38ರಿಂದ 15 ಕಳೆಯುವುದೇ ತಪ್ಪು; 15 ಸಮುದ್ರಮಟ್ಟದ ಪ್ರಮಾಣ ತಾಪ. ಸಾವಿರ ಅಡಿಗೆ 2 ಡಿಗ್ರಿ ಇಳಿಸಿದರೆ ಹುಬ್ಬಳ್ಳಿಯ ಎತ್ತರಕ್ಕೆ ಸುಮಾರು 11. ವ್ಯತ್ಯಾಸ 27, ಡಿಗ್ರಿಗೆ 120 ಅಡಿಯಂತೆ 3,240. ಅದಕ್ಕೆ 2,170 ಕೂಡಿಸಿದರೆ ಸುಮಾರು 5,400 ಅಡಿ. ಗಾಳಿ ಅಷ್ಟು ತೆಳ್ಳಗಾದಾಗ ಎಂಜಿನ್, ಪ್ರೊಪೆಲ್ಲರ್, ರೆಕ್ಕೆ ಮೂರರ ಬಲವೂ ತಗ್ಗಿ ರನ್‌ವೇ ಮೇಲೆ ಓಟ ಉದ್ದವಾಗುತ್ತದೆ. ಈ ಕಾರಣ ತಿಳಿದರೆ ಟೆಕ್ನಿಕಲ್ ಜನರಲ್‌ನಲ್ಲೂ ಎರಡು ಅಂಕ ಸಿಕ್ಕೀತು.

ಮೂರನೆಯದು ಮೆಟಾರ್, ಅಂದರೆ ವಿಮಾನ ನಿಲ್ದಾಣದ ಹವಾಮಾನವನ್ನು ಸಂಕೇತದಲ್ಲಿ ಬರೆದ ವರದಿ. ಹುಬ್ಬಳ್ಳಿಯ ಗುರುತು ವಿಒಎಚ್‌ಬಿ. ಅದರ ಮುಂದೆ ‘040330ಝಡ್ 27014ಕೆಟಿ’ ಎಂದಿದ್ದರೆ 4ನೇ ತಾರೀಖು, ಗ್ರೀನಿಚ್ ಹೊತ್ತು 03:30, ಅಂದರೆ ನಮ್ಮ ಬೆಳಿಗ್ಗೆ 9 ಗಂಟೆ. 270 ಡಿಗ್ರಿಯಿಂದ 14 ನಾಟ್ ಗಾಳಿ. ಬರೆದ ವರದಿಯ ಗಾಳಿಯ ದಿಕ್ಕು ನಿಜ ಉತ್ತರದಿಂದ ಅಳೆದದ್ದು, ನಿಲ್ದಾಣದ ನಿಯಂತ್ರಣ ಟವರ್ ಬಾಯಲ್ಲಿ ಹೇಳುವುದು ದಿಕ್ಸೂಚಿ ತೋರುವ ಕಾಂತೀಯ ಉತ್ತರದಿಂದ ಅಳೆದದ್ದು. ಪ್ರಶ್ನೆ ತೆಗೆಯುವವರಿಗೆ ಇದು ಬಲು ಪ್ರಿಯ. ದಿನಕ್ಕೊಂದು ಮೆಟಾರ್ ಬಿಡಿಸಿ, ಕಿಟಕಿಯಾಚೆ ನೋಡಿ ತಾಳೆ ಹಾಕಿ.

ಟವರ್ ಜೊತೆ ಮಾತಾಡುವ ರೇಡಿಯೊ ಪರೀಕ್ಷೆಗೆ ಮೌನವಾಗಿ ಓದಿ ಫಲವಿಲ್ಲ. ಗೆಳೆಯರೊಬ್ಬರನ್ನು ಫೋನಿನಲ್ಲಿ ಟವರ್ ಮಾಡಿಕೊಳ್ಳಿ. ಒಂಬತ್ತಕ್ಕೆ ‘ನೈನರ್’, ಮೂರಕ್ಕೆ ‘ಟ್ರೀ’, ಬಿಂದುವಿಗೆ ‘ಡೆಸಿಮಲ್’ ತಡವರಿಸದೆ ಬರಬೇಕು.

ಪ್ರಶ್ನೆ: ವಿಮಾನ ರಿಪೇರಿ ಎಂಜಿನಿಯರ್ ಕೋರ್ಸ್ ಪೂರ್ತಿ ಆನ್‌ಲೈನ್ ಆಗ್ತದ ಅಂತ ಏಜೆಂಟರೊಬ್ಬರು ಹೇಳ್ಯಾರ. ಮಗನ್ನ ಸೇರಸಬೇಕೇನ್ರಿ? (ಪಾಲಕರು, ರಾಣೆಬೆನ್ನೂರು)

ಉತ್ತರ: ಬ್ಯಾಡ್ರಿ. ಆ ಲೈಸೆನ್ಸಿಗೆ ಸಿಎಆರ್ 147 (ತರಬೇತಿ ಸಂಸ್ಥೆಗಳಿಗೆ ಡಿಜಿಸಿಎ ನಿಯಮ) ಮಾನ್ಯತೆ ಇರುವ ಸಂಸ್ಥೆಯಲ್ಲಿ ಹಾಜರಿ, ವರ್ಕ್‌ಶಾಪ್, ನಿಜ ವಿಮಾನದ ಮೇಲಿನ ಕೆಲಸ ಎಲ್ಲವೂ ಬೇಕು. ಮಾಡ್ಯೂಲ್ ಪರೀಕ್ಷೆಗಳಲ್ಲಿ 75 ಅಂಕ ಬೇಕು. ರಿವೆಟ್ ಹೊಡೆಯುವುದು, ಸೇಫ್ಟಿ ವೈರ್ ತಿರುವುವುದು ವೀಡಿಯೊ ನೋಡಿ ಕೈಗೆ ಬರುವುದಿಲ್ಲ. ಏಜೆಂಟರನ್ನು ಒಂದೇ ಮಾತು ಕೇಳಿ: ಡಿಜಿಸಿಎ ಮಾನ್ಯತೆಯ ನಂಬರ್ ಏನು, ಅದು ಇನ್ನೂ ಚಾಲ್ತಿಯಲ್ಲಿದೆಯೇ? ಅವರು ಹೇಳಿದ್ದನ್ನು ಡಿಜಿಸಿಎ ಜಾಲತಾಣದ ಪಟ್ಟಿಯಲ್ಲಿ ನೀವೇ ನೋಡಿ. ‘ಸರ್ಕಾರಿ ಮಾನ್ಯತೆ’ ಎಂಬ ಬೋರ್ಡು ಸಾಲದು. ಡಿಪ್ಲೊಮಾಗೆ ಮಾನ್ಯತೆ ಇದ್ದರೂ ಲೈಸೆನ್ಸಿಗೆ ಅದು ನಡೆಯದಿರಬಹುದು.

ಪ್ರಶ್ನೆ: ಹತ್ತಿ ಹೊಲಕ್ಕೆ ಔಷಧಿ ಹೊಡೆಯುವ ಡ್ರೋನ್ ಕಲಿಯಬೇಕು. ಆನ್‌ಲೈನ್ ಸಾಕೇ? (ಓದುಗರು, ಹಾವೇರಿ)

ಉತ್ತರ: ಸಾಲದು. 2021ರ ಡ್ರೋನ್ ನಿಯಮದಂತೆ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು. ವಯಸ್ಸು 18ರಿಂದ 65, ಓದು ಎಸ್ಸೆಸ್ಸೆಲ್ಸಿ. ಪತ್ರಕ್ಕೆ 10 ವರ್ಷ ಮಾನ್ಯತೆ. ಮಾನ್ಯತೆ ಪಡೆದ ತರಬೇತಿ ಸಂಸ್ಥೆಗೆ ಹೋಗಿ ಬಯಲಲ್ಲಿ ಹಾರಿಸಿ ತೋರಿಸಬೇಕು. ಸಿಂಪಡಿಸುವ ಡ್ರೋನ್‌ಗಳು ಹೆಚ್ಚಾಗಿ 2ರಿಂದ 25 ಕಿಲೊದ ‘ಸ್ಮಾಲ್’ ವರ್ಗದವು. ತೂಕದ ಲೆಕ್ಕಕ್ಕೆ ಟ್ಯಾಂಕಿನ ಔಷಧಿ, ಬ್ಯಾಟರಿ ಎರಡೂ ಸೇರುತ್ತವೆ. 25 ದಾಟಿದರೆ ವರ್ಗವೇ ಬೇರೆ. ಫೀ ಕಟ್ಟುವ ಮೊದಲು ನೀವು ಕೊಳ್ಳುವ ಮಾದರಿಯ ತುಂಬಿದ ತೂಕ ಎಷ್ಟು ಎಂದು ಮಾರುವವರಿಂದ ಬರೆಸಿಕೊಳ್ಳಿ.