ಬ್ರೋಷರ್‌ನಲ್ಲಿ ‘ಗೋಲ್ಡ್’ ಇದೆ, ಸರ್ಟಿಫಿಕೇಟ್ ಮಾತ್ರ ಕೊಡ್ತಿಲ್ಲ

ಕಾರವಾರದಲ್ಲಿ ನೋಡಿರುವ ಫ್ಲ್ಯಾಟ್‌ನ ಬ್ರೋಷರ್‌ನಲ್ಲಿ ‘ಐಜಿಬಿಸಿ ಗೋಲ್ಡ್’ ಅಂತಿದೆ, ಬಿಲ್ಡರ್ ಸರ್ಟಿಫಿಕೇಟ್ ಮಾತ್ರ ಕೊಡುತ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ಐಜಿಬಿಸಿ ಅಂದರೆ ಇಂಡಿಯನ್ ಗ್ರೀನ್ ಬಿಲ್ಡಿಂಗ್ ಕೌನ್ಸಿಲ್, ಪರಿಸರಸ್ನೇಹಿ ಕಟ್ಟಡಗಳಿಗೆ ದರ್ಜೆ ಕೊಡುವ ಸಂಸ್ಥೆ; ಗೋಲ್ಡ್ ಅದರ ಒಂದು ದರ್ಜೆ. ಆ ಫ್ಲ್ಯಾಟ್ ಇನ್ನೂ ಕಟ್ಟುತ್ತಿದ್ದಾರೆ ಅಂದಿರಲ್ಲ, ಹಾಗಾದರೆ ಬ್ರೋಷರ್‌ನ ‘ಐಜಿಬಿಸಿ ಗೋಲ್ಡ್’ ಹೆಚ್ಚಾಗಿ ಪ್ರೀ-ಸರ್ಟಿಫಿಕೇಟ್ ಇರಬೇಕು. ಅದು ನಕ್ಷೆ, ವಿನ್ಯಾಸ ನೋಡಿ ಕೊಡುವುದು. ಪೂರ್ತಿ ಸರ್ಟಿಫಿಕೇಟ್ ಬರುವುದು ಕಟ್ಟಡ ಮುಗಿದ ಮೇಲೆ. ಐಜಿಬಿಸಿಯಲ್ಲಿ ಬರೀ ನೋಂದಣಿ ಮಾಡಿಸಿ ಲೋಗೋ ಹಾಕಿಕೊಂಡಿರಲೂಬಹುದು, ಕಾಗದ ನೋಡದೆ ಹೇಳಲಾಗದು.

ಮೊದಲು ಬಿಲ್ಡರ್‌ಗೆ ಇಮೇಲ್ ಮಾಡಿ. ಫೋನ್ ಬೇಡ, ಬರಹದಲ್ಲೇ ಇರಲಿ. ಪ್ರಾಜೆಕ್ಟ್‌ನ ಐಜಿಬಿಸಿ ನೋಂದಣಿ ಸಂಖ್ಯೆ, ಪ್ರೀ-ಸರ್ಟಿಫಿಕೇಟ್‌ನ ಪ್ರತಿ ಎರಡನ್ನೂ ಕೇಳಿ. ಬಂದ ಮೇಲೆ ಆ ಸಂಖ್ಯೆ ಹಾಕಿ ಐಜಿಬಿಸಿಗೇ ಬರೆದು ವಿಚಾರಿಸಿ.

ನಂತರ ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ವೆಬ್‌ಸೈಟ್‌ನಲ್ಲಿ ಪ್ರಾಜೆಕ್ಟ್ ತೆರೆದು, ಅಲ್ಲಿ ಹಾಕಿರುವ ನಕ್ಷೆಯನ್ನು ಬ್ರೋಷರ್ ಜೊತೆ ಹೋಲಿಸಿ. ಮಳೆನೀರು ಸಂಗ್ರಹ, ಕೊಳಚೆ ನೀರಿನ ಘಟಕ ಎರಡರಲ್ಲೂ ಇವೆಯಾ ಅಂತ ನೋಡಿ. ನಮ್ಮ ಕರಾವಳಿಯಲ್ಲಿ ಗೋಲ್ಡ್ ಪಟ್ಟಕ್ಕಿಂತ ಪಶ್ಚಿಮದ ಕಿಟಕಿಗೆ ಸಜ್ಜಾ ಇದೆಯಾ, ಗಾಳಿ ಆಚೀಚೆ ಆಡುತ್ತದಾ ಅನ್ನುವುದೇ ಮುಖ್ಯ ಅಂತ ನನ್ನ ಅನಿಸಿಕೆ. ಉಪ್ಪುಗಾಳಿಗೆ ಸೋಲಾರ್ ಸ್ಟ್ಯಾಂಡ್ ತುಕ್ಕು ಹಿಡಿಯುತ್ತದೆ, ಅದನ್ನೂ ಕೇಳಿ.

ಕೊನೆಗೆ, ‘ಪೂರ್ತಿ ಸರ್ಟಿಫಿಕೇಟ್ ಕೊಡುತ್ತೇವೆ’ ಅನ್ನುವ ಸಾಲನ್ನು ಮಾರಾಟ ಕರಾರಿನಲ್ಲೇ ಬರೆಸಿ. ಕರಾರು ನೋಂದಣಿಯಾಗುವ ಮೊದಲು ಬೆಲೆಯ ಶೇ. 10ಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ (ರೇರಾ ಕಾಯ್ದೆ 2016, ಸೆಕ್ಷನ್ 13). ಸುಳ್ಳು ಜಾಹೀರಾತು ನಂಬಿ ಹಣ ಕಟ್ಟಿದ್ದರೆ ಸೆಕ್ಷನ್ 12ರಡಿ ಪರಿಹಾರ ಕೇಳಬಹುದು. ಬ್ರೋಷರ್ ಎಸೆಯಬೇಡಿ.